ಬಿಳಿ ಸ್ವಿಫ್ಟಿಗೆ ಕಾರ್ಬನ್ ಫೈಬರ್: ಮೂರು ಸಲ ಮಾಡಿಸಿದವನ ರಿವ್ಯೂ

ನಮ್ಮದು 2018ರ ಬಿಳಿ ಸ್ವಿಫ್ಟ್. ಬೆಂಗಳೂರಿನಲ್ಲಿ ಬಿಳಿ ಸ್ವಿಫ್ಟ್ ಓಡಿಸುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಾಲ್‌ನ ಬೇಸ್‌ಮೆಂಟಿನಲ್ಲಿ ಎರಡು ಸಲ ಬೇರೆಯವರ ಕಾರಿನ ಬಾಗಿಲು ಎಳೆದಿದ್ದೇನೆ. ಒಂದು ಸಲವಂತೂ ಒಳಗೆ ಅಜ್ಜಿಯೊಬ್ಬರು ಕೂತಿದ್ದರು, ಪಾಪ, ಅವರಿಗಿಂತ ನಾನೇ ಜಾಸ್ತಿ ಹೆದರಿದೆ. ಕಾರು ಮಾರುವ ಯೋಚನೆ ಇಲ್ಲ, ಎಂಜಿನ್ ಗಟ್ಟಿಮುಟ್ಟಾಗಿದೆ. ಹೊರಗೆ ಸ್ವಲ್ಪ, ಒಳಗೆ ಸ್ವಲ್ಪ, ಕಪ್ಪು ನೇಯ್ಗೆಯ ಹಾಗೆ ಕಾಣುವ ಕಾರ್ಬನ್ ಫೈಬರ್ ಹಾಕಿಸಿದರೆ ಗುರುತೂ ಸಿಗುತ್ತದೆ, ಒಳಗಿನ ಪ್ಲಾಸ್ಟಿಕ್ಕಿನ ಗೀರುಗಳೂ ಮುಚ್ಚಿಹೋಗುತ್ತವೆ ಅಂದುಕೊಂಡೆ. ಒಂದು ಸಲ ಮಾಡಿಸಿ ಮುಗಿಸಬೇಕಿದ್ದ ಕೆಲಸ ಮೂರು ಸಲ ಆಯಿತು. ಈಗ ಒಂದೂವರೆ ವರ್ಷ ಕಳೆದಿದೆ, ಎರಡು ಬೇಸಿಗೆ ಒಂದು ಮಳೆಗಾಲ ನೋಡಿದೆ. ಏನು ಉಳಿಯಿತು ಏನು ಎದ್ದುಬಂತು ಎಂದು ಹೇಳುವ ಹಕ್ಕು ನನಗೆ ಬಂದಿದೆ ಅಂದುಕೊಳ್ಳುತ್ತೇನೆ.

ಮೊದಲು ಒಂದು ವಿಷಯ. ಅಂಗಡಿಯಲ್ಲಿ ‘ಕಾರ್ಬನ್ ಫೈಬರ್’ ಅಂದರೆ ಕನಿಷ್ಠ ಮೂರು ಬೇರೆ ಬೇರೆ ವಸ್ತು, ಮೂರಕ್ಕೂ ಒಂದೇ ಹೆಸರು. ಒಂದು, ಸುಮ್ನೆ ಅಂಟಿಸುವ ವಿನೈಲ್ ಫಿಲ್ಮ್, ಅಂದರೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾರ್ಬನ್ ನೇಯ್ಗೆಯ ಚಿತ್ರ ಅಥವಾ ಉಬ್ಬು ಇರುತ್ತದೆ. ಎರಡನೆಯದು ಹೈಡ್ರೋ ಡಿಪ್. ಚಿತ್ರ ಇರುವ ತೆಳು ಹಾಳೆಯನ್ನು ನೀರಿನ ಮೇಲೆ ತೇಲಿಬಿಟ್ಟು, ಪ್ಲಾಸ್ಟಿಕ್ ತುಂಡನ್ನು ಅದರೊಳಗೆ ಮುಳುಗಿಸಿ ಎತ್ತಿ, ಮೇಲೆ ವಾರ್ನಿಷ್ ಹೊಡೆಯುತ್ತಾರೆ. ಮೂರನೆಯದು ನಿಜವಾದ ಕಾರ್ಬನ್, ಅಂದರೆ ಕಾರ್ಬನ್ ನೂಲಿನ ಬಟ್ಟೆ ಮತ್ತು ಎಪಾಕ್ಸಿ ರೆಸಿನ್ ಎನ್ನುವ, ಒಣಗಿದರೆ ಕಲ್ಲಾಗುವ ಅಂಟು. ಇದರಲ್ಲೂ ಮೋಸ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಅಂಗಡಿಯವನು ‘ಒರಿಜಿನಲ್ ಕಾರ್ಬನ್ ಸಾರ್’ ಎಂದರೆ ಈ ಮೂರರಲ್ಲಿ ಯಾವುದು ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಫಿಲ್ಮೇ ಆಗಿರುತ್ತದೆ. ಫಿಲ್ಮ್ ಕೆಟ್ಟದ್ದು ಅಂತಲ್ಲ, ನನ್ನ ಕಾರಿನಲ್ಲಿ ಇವತ್ತಿಗೂ ಚೆನ್ನಾಗಿ ಉಳಿದಿರುವುದು ಫಿಲ್ಮೇ. ಫಿಲ್ಮನ್ನು ಫಿಲ್ಮ್ ಅಂತ ಹೇಳಿ ಮಾರಿದರೆ ಸಾಕು.

ಮೊದಲನೇ ಸಲ ನಾನೇ ಮಾಡಿದೆ. ಆನ್‌ಲೈನಿನಲ್ಲಿ 350 ರೂಪಾಯಿಗೆ ‘4ಡಿ ಕಾರ್ಬನ್ ಶೀಟ್’ ತರಿಸಿದೆ. ಈ 3ಡಿ, 4ಡಿ, 5ಡಿ, 6ಡಿ ಲೆಕ್ಕಕ್ಕೆ ಯಾವ ಅಳತೆಗೋಲೂ ಇಲ್ಲ, ಮಾರುವವರು ಇಟ್ಟುಕೊಂಡ ಹೆಸರು. ಸುಮಾರಾಗಿ ಹೇಳುವುದಾದರೆ 3ಡಿ ಅಂದರೆ ಕೈಗೆ ಉಬ್ಬು ಸಿಗುವ, ಹೊಳಪಿಲ್ಲದ ಹಾಳೆ. 4ಡಿ ಅಂದರೆ ಅದಕ್ಕೆ ಸ್ವಲ್ಪ ಹೊಳಪು. 5ಡಿ 6ಡಿ ಅಂದರೆ ಮೇಲೆ ಗಾಜಿನ ಹಾಗೆ ನುಣುಪು, ನೇಯ್ಗೆ ಒಳಗೆಲ್ಲೋ ಆಳದಲ್ಲಿ ಇದ್ದ ಹಾಗೆ ಕಾಣುತ್ತದೆ. ಭಾನುವಾರ ಬೆಳಿಗ್ಗೆ ಹೆಂಡತಿಯ ಹೇರ್ ಡ್ರೈಯರ್, ಒಂದು ಹಳೆ ಎಟಿಎಂ ಕಾರ್ಡು, ಶೇವಿಂಗ್ ಬ್ಲೇಡು ಇಟ್ಟುಕೊಂಡು ಗೇರ್ ಸುತ್ತಲಿನ ಪ್ಯಾನೆಲ್ಲಿಗೆ ಅಂಟಿಸಲು ಕೂತೆ. ಚಪ್ಪಟೆ ಇರುವ ಕಡೆ ಹತ್ತೇ ನಿಮಿಷ. ಮೂಲೆ ಬಂದ ಕೂಡಲೇ ಕಥೆ ಬೇರೆ. ಎಳೆದರೆ ನೇಯ್ಗೆಯ ಗೆರೆ ಸೊಟ್ಟಗಾಗುತ್ತದೆ, ಎಳೆಯದಿದ್ದರೆ ಸುಕ್ಕು. ಗಾಳಿ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ ಚುಚ್ಚಿ, ಕೊನೆಗೆ ಆ ಪ್ಯಾನೆಲ್ ಸಿಡುಬು ಬಂದವರ ಮುಖದ ಹಾಗಾಯಿತು. ಅಪ್ಪ ಬಂದು ನೋಡಿ ‘ಯಾಕೋ, ಒಡೆದು ಹೋಗಿತ್ತಾ? ಟೇಪ್ ಸುತ್ತಿದೀಯಲ್ಲ’ ಎಂದರು. ಮೂರು ವಾರದಲ್ಲಿ ಅಂಚುಗಳೆಲ್ಲ ತಾವಾಗಿಯೇ ಎದ್ದು ಹಿಂದಕ್ಕೆ ಸರಿದುಕೊಂಡವು.

ಯಾಕೆ ಸರಿದುಕೊಂಡವು ಅಂತ ಆಮೇಲೆ ಗೊತ್ತಾಯಿತು. ವಿನೈಲ್ ಫಿಲ್ಮಿನಲ್ಲಿ ಎರಡು ಜಾತಿ. ಅಗ್ಗದ್ದನ್ನು ಚಪಾತಿ ಲಟ್ಟಿಸಿದ ಹಾಗೆ ಬಿಸಿ ರೋಲರುಗಳ ನಡುವೆ ಒತ್ತಿ ಎಳೆದು ಹಾಳೆ ಮಾಡುತ್ತಾರೆ, ಅದು ಕ್ಯಾಲೆಂಡರ್ಡ್. ಎಳೆಸಿಕೊಂಡ ನೆನಪು ಅದರ ಮೈಯಲ್ಲೇ ಉಳಿದಿರುತ್ತದೆ, ಬಿಸಿಲು ಬಿದ್ದಾಗೆಲ್ಲ ಹಳೆ ಅಳತೆಗೆ ಕುಗ್ಗಲು ನೋಡುತ್ತದೆ. ದುಬಾರಿಯದ್ದನ್ನು ನೀರು ದೋಸೆ ಹಿಟ್ಟಿನ ಹಾಗೆ ಹುಯ್ದು ಒಣಗಿಸುತ್ತಾರೆ, ಅದು ಕಾಸ್ಟ್. ಅದು ಇನ್ನೂ ತೆಳು, ಮೂಲೆಗಳಲ್ಲಿ ಮೆತ್ತಗೆ ಕೂರುತ್ತದೆ, ಕುಗ್ಗುವುದು ಕಡಿಮೆ. ಅಂಗಡಿಯಲ್ಲಿ ಎಷ್ಟು ಡಿ ಅಂತ ಕೇಳುವುದಕ್ಕಿಂತ ‘ಇದು ಕಾಸ್ಟಾ ಕ್ಯಾಲೆಂಡರ್ಡಾ’ ಅಂತ ಕೇಳಿ ನೋಡಿ. ಪ್ರಶ್ನೆಯೇ ಅರ್ಥವಾಗದೆ ಮುಖ ನೋಡಿದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ನಾನು ಆಗ ಕೇಳಲಿಲ್ಲ. ಎರಡನೇ ಸಲ ಎಲ್ಲರ ಹಾಗೆ ಜೆ.ಸಿ. ರೋಡಿಗೆ ಹೋದೆ.

ಜೆ.ಸಿ. ರೋಡ್ ಗೊತ್ತಲ್ಲ, ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವಾಗ ಕಾರು ಸ್ವಲ್ಪ ನಿಧಾನ ಮಾಡಿದರೂ ಸಾಕು, ಹುಡುಗರು ಕಿಟಕಿ ಪಕ್ಕದಲ್ಲೇ ಓಡಿಬರುತ್ತಾರೆ. ‘ಸಾರ್ ಸೀಟ್ ಕವರ್, ಸಾರ್ ಮ್ಯಾಟ್, ಸಾರ್ ಸ್ಟೀರಿಯೋ, ಬನ್ನಿ ಸಾರ್, ಪಾರ್ಕಿಂಗ್ ಇದೆ ಸಾರ್.’ ಪಾರ್ಕಿಂಗ್ ಇರುವುದಿಲ್ಲ. ಅಂಗಡಿ ಮುಂದೆ ರಸ್ತೆಯಲ್ಲೇ ನಿಲ್ಲಿಸಿ, ಬಸ್ಸು ಆಟೋಗಳ ಧೂಳಿನಲ್ಲೇ ಕೆಲಸ ಮಾಡುತ್ತಾರೆ. ಮೊದಲ ಎಡವಟ್ಟು ಅಲ್ಲೇ. ಫಿಲ್ಮಿನ ಅಡಿಗೆ ಒಂದು ಸಾಸಿವೆ ಕಾಳಿನಷ್ಟು ಧೂಳು ಸಿಕ್ಕಿದರೂ ಅದು ಜೀವಮಾನವಿಡೀ ಕಣ್ಣಿಗೆ ಹೊಡೆಯುತ್ತಿರುತ್ತದೆ. ಹೊಳಪಿನ ಫಿಲ್ಮ್ ಆದರಂತೂ ಕೇಳಲೇಬೇಡಿ.

ಅಂಗಡಿಯ ಹೆಸರು ಹಾಕುವುದಿಲ್ಲ. ಮಾಲೀಕರು ಕೆಟ್ಟವರಲ್ಲ, ಟೀ ತರಿಸಿಕೊಟ್ಟರು. ಒಳಗೆ ಡ್ಯಾಶ್‌ಬೋರ್ಡಿನ ಪಟ್ಟಿ, ನಾಲ್ಕು ಬಾಗಿಲಿನ ಕಿಟಕಿ ಸ್ವಿಚ್ ಪ್ಯಾನೆಲ್, ಗೇರ್ ಸುತ್ತಲಿನ ತುಂಡು, ಹೊರಗೆ ಎರಡು ಕನ್ನಡಿಯ ಕವರ್, ಬಾಗಿಲುಗಳ ನಡುವಿನ ಕಂಬ, ಹಿಂದಿನ ಸ್ಪಾಯ್ಲರ್, ಅಂದರೆ ಛಾವಣಿಯ ಹಿಂತುದಿಯ ಸಣ್ಣ ರೆಕ್ಕೆ. ಎಲ್ಲ ಸೇರಿ 7,500 ಹೇಳಿ 5,200ಕ್ಕೆ ಒಪ್ಪಿದರು. ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಅಷ್ಟು ಬೇಗ ಮುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು ಅಲ್ವಾ? ಬರಲಿಲ್ಲ. ಸಂಜೆ ಬೆಳಕಿನಲ್ಲಿ ಕಾರು ಭರ್ಜರಿಯಾಗಿ ಕಾಣುತ್ತಿತ್ತು, ನಾನು ಹಾಗೇ ಗಾಂಧಿ ಬಜಾರಿಗೆ ಹೋಗಿ ದೋಸೆ ತಿಂದು ಮನೆಗೆ ಬಂದೆ.

ಮಾರನೆಯ ದಿನ ಬಿಸಿಲಿನಲ್ಲಿ ನೋಡಿದಾಗ ಒಂದೊಂದೇ ಹೊರಗೆ ಬಂತು. ಪ್ಯಾನೆಲ್ಲುಗಳನ್ನು ಕಳಚದೆ, ಇದ್ದ ಜಾಗದಲ್ಲೇ ಅಂಟಿಸಿ ಸುತ್ತಲೂ ಬ್ಲೇಡಿನಲ್ಲಿ ಕೊಯ್ದಿದ್ದರು. ಅಂದರೆ ಫಿಲ್ಮ್ ಒಳಗೆ ಮಡಚಿಕೊಂಡಿಲ್ಲ, ಅಂಚಿಗೆ ಸರಿಯಾಗಿ ನಿಂತುಬಿಟ್ಟಿದೆ. ಬೆರಳುಗುರು ತಾಗಿದರೆ ಏಳುತ್ತದೆ. ಸ್ಪಾಯ್ಲರ್ ಹತ್ತಿರ ಬ್ಲೇಡ್ ಫಿಲ್ಮ್ ದಾಟಿ ಬಿಳಿ ಪೇಂಟಿನ ಮೇಲೂ ಹೋಗಿತ್ತು, ಎರಡು ಇಂಚಿನ ಸಣ್ಣ ಗೆರೆ, ಉಗುರು ಆಡಿಸಿದರೆ ತಡೆಯುತ್ತದೆ. ಎಡಗಡೆ ಕಂಬದಲ್ಲಿ ನೇಯ್ಗೆ ಬಲಕ್ಕೆ ವಾಲಿದ್ದರೆ ಬಲಗಡೆಯಲ್ಲೂ ಬಲಕ್ಕೇ ವಾಲಿತ್ತು. ಎರಡೂ ಕಡೆ ಕನ್ನಡಿಯಲ್ಲಿ ನೋಡಿದ ಹಾಗೆ ಇರಬೇಕಲ್ಲ. ಇದನ್ನು ಹೇಳಿದರೆ ಹೆಂಡತಿ ‘ನಿಮ್ಮನ್ನು ಬಿಟ್ಟು ಈ ಊರಲ್ಲಿ ಯಾರೂ ಇದನ್ನು ನೋಡಲ್ಲ’ ಎಂದಳು. ಸರಿಯೇ. ಆದರೆ ದಿನಾ ಎರಡು ಸಲ ನಾನು ನೋಡುತ್ತೇನಲ್ಲ!

ಒಂದು ವಿಷಯಕ್ಕೆ ಮಾತ್ರ ಅಲ್ಲಿ ಗಟ್ಟಿಯಾಗಿ ಬೇಡ ಎಂದಿದ್ದೆ, ಅದು ನನ್ನ ಪುಣ್ಯ. ಹುಡುಗ ಉತ್ಸಾಹದಲ್ಲಿ ಡ್ಯಾಶ್‌ಬೋರ್ಡಿನ ಎಡಭಾಗಕ್ಕೆಲ್ಲ ಒಂದೇ ಹಾಳೆ ಎಳೆದುಬಿಡೋಣ ಸಾರ್, ಶೋ ಬರುತ್ತೆ ಎಂದ. ಅಲ್ಲಿ ಪಕ್ಕದ ಸೀಟಿನವರ ಏರ್‌ಬ್ಯಾಗ್ ಇದೆ. ಗುದ್ದಿದಾಗ ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಚ್ಚಳ ಸೀಳಿಕೊಂಡು ಹೊರಗೆ ಬರಬೇಕು, ಎಲ್ಲಿ ಸೀಳಬೇಕು ಅಂತ ಒಳಗೇ ತೆಳು ಮಾಡಿ ಇಟ್ಟಿರುತ್ತಾರೆ. ಅದರ ಮೇಲೆ ಫಿಲ್ಮ್ ಬೇಡ, ಗಟ್ಟಿ ಕಾರ್ಬನ್ ತುಂಡಂತೂ ಬೇಡವೇ ಬೇಡ, ಅದು ನೇರ ಮುಖಕ್ಕೆ ಹಾರುತ್ತದೆ. ಸ್ಟೀರಿಂಗ್ ನಡುವಿನ ದಿಂಬಿಗೂ ಇದೇ ಮಾತು. ಕಿಟಕಿಗಳ ಮೇಲಿಂದ ಪರದೆಯ ಹಾಗೆ ಇಳಿಯುವ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬಗಳಿಗೂ ಒಳಗಡೆ ಏನೂ ಅಂಟಿಸಬೇಡಿ. ‘ಏರ್‌ಬ್ಯಾಗ್’ ಅಂತ ಅಕ್ಷರ ಎಲ್ಲೆಲ್ಲಿ ಕೆತ್ತಿದೆಯೋ ಅಲ್ಲೆಲ್ಲ ಕೈ ಹಿಂದೆ ಅನ್ನುವುದು ಸುಲಭದ ಲೆಕ್ಕ.

ಛಾವಣಿಗೂ ಹಾಕಿ ಎಂದರು, ಬೇಡ ಎಂದೆ. ಬಾನೆಟ್ಟಿಗೂ ಬೇಡ ಎಂದೆ. ಆಕಾಶ ನೋಡಿಕೊಂಡು ಮಲಗಿರುವ ಜಾಗಗಳಿಗೆ ಬಿಸಿಲು ನೇರ ಬೀಳುತ್ತದೆ, ಅಲ್ಲಿ ಫಿಲ್ಮ್ ಬೇಗ ಸಾಯುತ್ತದೆ. ದೊಡ್ಡ ಕಂಪನಿಗಳು ಕೂಡ ನಿಂತ ಮೈಗೆ ಕೊಡುವಷ್ಟು ವಾರಂಟಿಯನ್ನು ಮಲಗಿದ ಮೈಗೆ ಕೊಡುವುದಿಲ್ಲ. ಇನ್ನೊಂದು ಕಾರಣ ಆರ್‌ಸಿ. ಅದರಲ್ಲಿ ಕಾರಿನ ಬಣ್ಣ ಬರೆದಿರುತ್ತದೆ. ಕನ್ನಡಿ ಕವರಿಗೆ, ಕಂಬಕ್ಕೆ ಹಾಕಿದರೆ ಬಿಳಿ ಕಾರು ಬಿಳಿಯಾಗಿಯೇ ಉಳಿಯುತ್ತದೆ. ಇಡೀ ಮೈಗೆ ಕಪ್ಪು ಸುತ್ತಿಸಿಕೊಂಡರೆ ಅದು ಬಣ್ಣ ಬದಲಾದ ಹಾಗೆ, ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಲ್ಲಿ ಸೇರಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಬದಲಾವಣೆಗಳ ಬಗ್ಗೆ ಬಿಗಿಯಾಗಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಬಾನೆಟ್ಟನ್ನೇ ಕಾರ್ಬನ್ನಿನದಕ್ಕೆ ಬದಲಿಸುವ ಆಸೆ ಇರುವವರು ಇದನ್ನು ಓದಿಕೊಂಡು, ವಿಮೆಯವರಿಗೂ ಹೇಳಿ ಆಮೇಲೆ ಕೈಹಾಕಿ.

ಜೆ.ಸಿ. ರೋಡಿನ ಕೆಲಸ ಏಪ್ರಿಲ್ ಮುಗಿಯುವ ತನಕ ಬಾಳಿತು. ಆಫೀಸಿನಲ್ಲಿ ನನಗೆ ನೆರಳಿನ ಪಾರ್ಕಿಂಗ್ ಇಲ್ಲ. ಮೊದಲು ಕಂಬದ ಕೆಳ ಅಂಚು ಎದ್ದಿತು, ಆಮೇಲೆ ಸ್ಪಾಯ್ಲರಿನ ಮೂಲೆ, ಆಮೇಲೆ ಸರ್ವಿಸ್ ಸೆಂಟರಿನ ಹುಡುಗ ವಾಟರ್ ಗನ್ ಹಿಡಿದಾಗ ಬಲಗಡೆ ಕನ್ನಡಿಯ ಫಿಲ್ಮ್ ಅರ್ಧ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಬಂತು. ಅವನದೇನೂ ತಪ್ಪಿಲ್ಲ. ಅಂಗಡಿಗೆ ವಾಪಸ್ಸು ಹೋದರೆ ‘ಬಿಸಿಲು ಸಾರ್, ಏನ್ ಮಾಡೋಕಾಗುತ್ತೆ’ ಎಂದರು. ಬಿಸಿಲು ನನಗೊಬ್ಬನಿಗೇ ಬೀಳುತ್ತಾ ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ, ಟೀ ಕುಡಿದಿದ್ದೆನಲ್ಲ.

ಈ ಮಧ್ಯೆ ನಮ್ಮ ಭಾವ ಬಂದರು. ಭಾವ ವಿಮಾನದ ಕಾಂಪೊಸಿಟ್ ಕೆಲಸದವರು, ಅಂದರೆ ನೂಲು ಮತ್ತು ರೆಸಿನ್ ಸೇರಿಸಿ ಮಾಡುವ ಕಾರ್ಬನ್ನಿನಂಥ ವಸ್ತುಗಳ ಕೆಲಸ. ಬೆಂಗಳೂರಿನಲ್ಲಿ ಇದರ ಜನ ಜಾಸ್ತಿಯೇ ಇದ್ದಾರೆ. ನಮ್ಮ ತಲೆ ಮೇಲೆ ಹಾರುವ ತೇಜಸ್ ಯುದ್ಧವಿಮಾನ ಇದೆಯಲ್ಲ, 2001ರ ಜನವರಿ 4ರಂದು ಇಲ್ಲೇ ಮೊದಲ ಸಲ ಹಾರಿದ್ದು, ಅದರ ಚೌಕಟ್ಟಿನ ತೂಕದಲ್ಲಿ 45 ಪರ್ಸೆಂಟ್ ಕಾಂಪೊಸಿಟ್ಟೇ, ರೆಕ್ಕೆ ಬಾಲ ಎಲ್ಲ ಕಾರ್ಬನ್. ಇಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಇದರ ಮೇಲೆ ವರ್ಷಗಟ್ಟಲೆ ಕೂತು ಕೆಲಸ ಮಾಡಿದ್ದಾರೆ. ಅಂಥ ಕಡೆಯಿಂದ ಬಂದವರು ನನ್ನ ಕಾರಿನ ಗೇರ್ ಪ್ಯಾನೆಲ್ ಬೆರಳಿನಲ್ಲಿ ತಟ್ಟಿ ನೋಡಿ, ಏನೂ ಹೇಳದೆ ಕಾಫಿ ಕುಡಿದರು. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ಅವತ್ತು ಸಂಜೆ ಪಾಠ ಆಯಿತು. ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲು ಇದೆಯಲ್ಲ, ಅದರ ಜಾತಿಯದೇ ಒಂದು ಬಿಳಿ ನೂಲನ್ನು ಆಮ್ಲಜನಕ ಸೋಕದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತಾ ಹೋದರೆ ಕೊನೆಗೆ ಬರೀ ಇಂಗಾಲದ ಎಳೆ ಉಳಿಯುತ್ತದೆ, ಅದು ನಮ್ಮ ಕೂದಲಿಗಿಂತ ಸುಮಾರು ಹತ್ತು ಪಟ್ಟು ತೆಳು. ಅಂಥ ಮೂರು ಸಾವಿರ ಎಳೆ ಸೇರಿದ ಒಂದು ಜಡೆಗೆ 3ಕೆ ಎನ್ನುತ್ತಾರೆ. ಕಾರುಗಳಲ್ಲಿ ಕಾಣುವ ಓರೆ ಗೆರೆಯ ನೇಯ್ಗೆ ಹೆಚ್ಚಾಗಿ ಇದರದ್ದೇ, ಎರಡರ ಮೇಲೆ ಎರಡರ ಕೆಳಗೆ ಹೋಗುವ ಟ್ವಿಲ್, ಜೀನ್ಸ್ ಬಟ್ಟೆಯಲ್ಲಿ ಓರೆ ಗೆರೆ ಬರುತ್ತದಲ್ಲ, ಅದರ ಬಂಧು. ಬಟ್ಟೆಗೆ ರೆಸಿನ್ ಮೊದಲೇ ಸರಿಯಾದ ಅಳತೆಯಲ್ಲಿ ಸೇರಿಸಿ, ಅಚ್ಚಿನ ಮೇಲೆ ಹಾಸಿ, ಆಟೋಕ್ಲೇವ್ ಎನ್ನುವ ದೊಡ್ಡ ಒಲೆಯಲ್ಲಿ ಶಾಖ ಮತ್ತು ಒತ್ತಡ ಕೊಟ್ಟು ಬೇಯಿಸಿದರೆ ಡ್ರೈ ಕಾರ್ಬನ್. ದೊಡ್ಡ ಪ್ರೆಷರ್ ಕುಕ್ಕರ್ ಅಂದುಕೊಳ್ಳಿ. ಕೈಯಲ್ಲಿ ರೆಸಿನ್ ಸವರಿ ಒಣಗಿಸಿದರೆ ವೆಟ್ ಕಾರ್ಬನ್, ರೆಸಿನ್ ಜಾಸ್ತಿ, ತೂಕ ಜಾಸ್ತಿ, ಬೆಲೆ ಕಡಿಮೆ.

1981ರಲ್ಲಿ ಮೆಕ್‌ಲಾರೆನ್‌ನವರು ಎಂಪಿ4/1 ಎಂಬ ಫಾರ್ಮುಲಾ ಒನ್ ಕಾರಿನ ಒಡಲನ್ನು ಕಾರ್ಬನ್ನಿನಲ್ಲಿ ಮಾಡಿದರು. ಜಾನ್ ಬರ್ನಾರ್ಡ್ ಡಿಸೈನು. ಅದೇ ವರ್ಷ ಇಟಲಿಯ ಮೊಂಜಾ ರೇಸಿನಲ್ಲಿ ಅದರ ಡ್ರೈವರ್ ಜಾನ್ ವಾಟ್ಸನ್ ಪಕ್ಕದ ತಡೆಬೇಲಿಗೆ ಗುದ್ದಿ, ಎಂಜಿನ್ನೇ ಕಿತ್ತು ಬೇರೆಯಾಗಿ ಹೋದರೂ ಆತ ಎದ್ದು ನಡೆದು ಬಂದರು. ಕಾರ್ಬನ್ನಿಗೆ ಮರ್ಯಾದೆ ಬಂದದ್ದು ಅಲ್ಲಿಂದ. ‘ಅದಕ್ಕೂ ನಿನ್ನ ಕನ್ನಡಿಯ ಟೋಪಿಗೂ ಏನಯ್ಯಾ ಸಂಬಂಧ’ ಅನ್ನುವುದು ಭಾವನ ಪ್ರಶ್ನೆ. ತೂಕದ ಮಾತು ತೆಗೆದರೆ ಇನ್ನೂ ತಮಾಷೆ. ಕಾರ್ಬನ್ ಕಾಂಪೊಸಿಟ್ ಉಕ್ಕಿಗಿಂತ ತುಂಬಾ ಹಗುರ, ನಿಜ. ಆದರೆ ಕನ್ನಡಿಯ ಕವರ್ ಉಕ್ಕಿನದಲ್ಲ, ಎಬಿಎಸ್ ಪ್ಲಾಸ್ಟಿಕ್. ಅಷ್ಟೇ ಗಾತ್ರಕ್ಕೆ ಅದು ಕಾರ್ಬನ್ನಿಗಿಂತಲೂ ಹಗುರ. ಅದರ ಮೇಲೆ ಇನ್ನೊಂದು ಕಾರ್ಬನ್ ಟೋಪಿ ಅಂಟಿಸಿದರೆ ತೂಕ ಏರುತ್ತದೆ, ಇಳಿಯುವುದಿಲ್ಲ. ನಮ್ಮ ಪೆಟ್ರೋಲ್ ಸ್ವಿಫ್ಟ್ ಒಟ್ಟು 900 ಕೆಜಿಯೂ ಇಲ್ಲ. ತೂಕ ಇಳಿಸಲೇಬೇಕು ಅಂದರೆ ಡಿಕ್ಕಿಯಲ್ಲಿ ಮೂರು ತಿಂಗಳಿಂದ ಓಡಾಡುತ್ತಿರುವ ರಾಗಿ ಚೀಲ ತೆಗೆಯಿರಿ. ಇದು ನಮ್ಮ ಮನೆಯದೇ ಉದಾಹರಣೆ.

ಇಷ್ಟೆಲ್ಲ ಕೇಳಿದ ಮೇಲೂ ನಾನು ನಿಜವಾದ ಕಾರ್ಬನ್ನಿನ ಕನ್ನಡಿ ಟೋಪಿ ತರಿಸಿದೆ. ಆಸೆಗೆ ಯಾರ ಅಂಕೆ? ಆನ್‌ಲೈನಿನಲ್ಲಿ ಜೋಡಿಗೆ 6,800. ಪೆಟ್ಟಿಗೆ ಬಿಚ್ಚಿದಾಗ ಮೇಲೆ ಸುಂದರ ನೇಯ್ಗೆ, ಬೆಳಕು ಹೊರಳಿದ ಹಾಗೆ ಗೆರೆಗಳು ಒಮ್ಮೆ ಬೆಳ್ಳಿ ಒಮ್ಮೆ ಕಪ್ಪು. ಫಿಲ್ಮಿನಲ್ಲಿ ಈ ಆಟ ಬರುವುದಿಲ್ಲ, ಅಲ್ಲಿ ಯಾವ ಕಡೆಯಿಂದ ನೋಡಿದರೂ ಹೆಚ್ಚುಕಡಿಮೆ ಅದೇ ಚಿತ್ರ. ಭಾವನಿಗೆ ತೋರಿಸಿದೆ. ಅವರು ಮೊದಲು ಮಾಡಿದ ಕೆಲಸ ತಿರುಗಿಸಿ ಹಿಂಬದಿ ನೋಡಿದ್ದು. ಹಿಂದೆ ನೇಯ್ಗೆ ಇಲ್ಲ, ಬೂದು ಬಣ್ಣದ ಒರಟು ಮೈ. ‘ಫೈಬರ್‌ಗ್ಲಾಸ್. ಮೇಲೆ ಒಂದೇ ಒಂದು ಪದರ ಕಾರ್ಬನ್’ ಎಂದರು. ಮಾರುಕಟ್ಟೆಯಲ್ಲಿ ‘ರಿಯಲ್ ಕಾರ್ಬನ್’ ಅಂತ ಬರುವ ಅಗ್ಗದ ತುಂಡುಗಳಲ್ಲಿ ಇದು ತುಂಬಾ ಸಾಮಾನ್ಯವಂತೆ. ಆ ಒಂದು ಪದರವಾದರೂ ನಿಜವಾ ಅಂತ ನೋಡಲು ಮಲ್ಟಿಮೀಟರ್ ತಂದೆವು. ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಮೇಲಿನ ವಾರ್ನಿಷ್ ಅಡ್ಡ ಬರುವುದರಿಂದ ಕಾಣದ ಅಂಚಿನಲ್ಲಿ ಎರಡು ಕಡೆ ಸ್ವಲ್ಪ ಉಪ್ಪುಕಾಗದ ತಿಕ್ಕಿ ಮುಳ್ಳು ಇಟ್ಟರೆ ಮೀಟರು ಕೀಂಯ್ ಎಂದಿತು. ಪದರ ನಿಜ, ದೇವರಾಣೆ.

ಕರೆಂಟ್ ಹರಿಯುವುದರಿಂದ ಇನ್ನೊಂದು ಎಚ್ಚರಿಕೆ. ಛಾವಣಿಯ ಮೇಲಿನ ಶಾರ್ಕ್ ಫಿನ್ ಆಂಟೆನಾಕ್ಕೆ ನಿಜವಾದ ಕಾರ್ಬನ್ನಿನ ಕವರ್ ಹಾಕಬೇಡಿ, ಸಿಗ್ನಲ್ಲಿಗೆ ಅದು ಗೋಡೆ ಕಟ್ಟಿದ ಹಾಗೆ. ಹೊಸ ಕಾರುಗಳಲ್ಲಿ ಬಂಪರ್ ಹಿಂದೆ ರೇಡಾರ್ ಇದ್ದರೆ ಅಲ್ಲಿಗೂ ಬೇಡ. ಬರೀ ಚಿತ್ರದ ವಿನೈಲ್ ಆದರೆ ಆಂಟೆನಾಕ್ಕೆ ತೊಂದರೆ ಇಲ್ಲ.

ಮೂರನೇ ಸಲ ಹೋದದ್ದು ಕಾಮಾಕ್ಷಿಪಾಳ್ಯ ಕಡೆ ಒಂದು ಶೆಡ್ಡಿಗೆ. ಒಬ್ಬರು ಮೇಷ್ಟ್ರು, ಇಬ್ಬರು ಹುಡುಗರು, ಬೋರ್ಡು ಕೂಡ ಇಲ್ಲ. ಅಲ್ಲಿಗೆ ಕಳಿಸಿದ್ದು ನಮ್ಮ ಮೆಕ್ಯಾನಿಕ್. ಮೇಷ್ಟ್ರು ಕಾರು ನೋಡಿ ಮೊದಲು ಹೇಳಿದ್ದು, ‘ಇವತ್ತು ಆಗಲ್ಲ ಸಾರ್, ಎರಡು ದಿನ ಬಿಟ್ಟು ಹೋಗಿ.’ ಆಗಲೇ ಅರ್ಧ ನಂಬಿಕೆ ಬಂತು. ಹಳೆ ಫಿಲ್ಮ್ ಕೀಳುವುದಕ್ಕೇ ಅರ್ಧ ದಿನ. ಅಗ್ಗದ ಅಂಟು ಬಿಸಿಲಿಗೆ ಬೆಂದು ಪ್ಲಾಸ್ಟಿಕ್ಕಿಗೆ ಕಚ್ಚಿಕೊಂಡಿರುತ್ತದೆ, ಹೀಟ್ ಗನ್ನಿನಲ್ಲಿ ಬೆಚ್ಚಗೆ ಮಾಡಿ ನಿಧಾನಕ್ಕೆ ಎಳೆದು, ಉಳಿದ ಜಿಗುಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದರು. ಒಳಗಿನ ತುಂಡುಗಳನ್ನೆಲ್ಲ ಕಳಚಿ ಮೇಜಿನ ಮೇಲಿಟ್ಟುಕೊಂಡೇ ಕೆಲಸ. ಫಿಲ್ಮ್ ಅಂಚು ದಾಟಿ ಹಿಂದಕ್ಕೆ ಅರ್ಧ ಇಂಚು ಮಡಚಿಕೊಂಡಿತು. ಆಳ ಇರುವ ಮೂಲೆಗೆ ಮಾತ್ರ ಫಿಲ್ಮ್ ಗಟ್ಟಿಯಾಗಿ ಕಚ್ಚಿಕೊಳ್ಳುವ ಪ್ರೈಮರ್ ಸವರಿದರು, ಎಲ್ಲ ಕಡೆ ಬಳಿಯಲಿಲ್ಲ. ‘ನಾಳೆ ಕೀಳಬೇಕು ಅಂದ್ರೆ ನಾನೇ ಬೈಸ್ಕೋಬೇಕು ಸಾರ್’ ಎಂದರು. ಕೊನೆಗೆ ಎಳೆದ ಜಾಗಗಳಿಗೆಲ್ಲ ಮತ್ತೆ ಹೀಟ್ ಗನ್ ಹಿಡಿದು, ಸಣ್ಣ ಥರ್ಮಾಮೀಟರಿನಲ್ಲಿ ನೂರು ಡಿಗ್ರಿ ಹತ್ತಿರ ಬಂದಿದೆಯಾ ಅಂತ ನೋಡಿಕೊಂಡರು. ಫಿಲ್ಮಿನ ಹಳೆ ನೆನಪು ಅಳಿಸುವುದು ಈ ಶಾಖದಲ್ಲಿ. ಜೆ.ಸಿ. ರೋಡಿನಲ್ಲಿ ಈ ಕೆಲಸ ಮಾಡಿರಲೇ ಇಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಕಂಬದ ಹತ್ತಿರ ಕೊಯ್ಯುವಾಗ ಬ್ಲೇಡ್ ಇಲ್ಲ, ಮೊದಲೇ ಅಂಟಿಸಿದ ದಾರದ ಟೇಪ್ ಎಳೆದರೆ ಫಿಲ್ಮ್ ತಾನಾಗಿ ಸೀಳಿಕೊಂಡು ಬರುತ್ತದೆ. ಆ ದಾರ ಎಳೆಯುವ ಸದ್ದು ಕೇಳುವುದೇ ಒಂದು ಸುಖ.

ಫಿಲ್ಮ್ 3ಎಂನದ್ದು, 2080 ಸರಣಿಯ ಕಪ್ಪು ಕಾರ್ಬನ್, ಸಿಎಫ್‌ಎಸ್12 ಅಂತ ನಂಬರು. ಹಿಂದೆ 1080 ಅಂತ ಬರುತ್ತಿದ್ದುದರ ಜಾಗಕ್ಕೆ ಬಂದದ್ದು. ಹೊಳಪು ಕಡಿಮೆ. ಮೊದಲು ನನಗೆ ಅದು ಸಪ್ಪೆ ಅನಿಸಿತ್ತು. ಹೊಳೆಯುವ 6ಡಿ ಹಾಕಿಸಿಕೊಂಡ ಗೆಳೆಯನ ಕಾರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ತುಮಕೂರು ರಸ್ತೆಯಲ್ಲಿ ಹೋದ ಮೇಲೆ ಅಭಿಪ್ರಾಯ ಬದಲಾಯಿತು. ಗೇರ್ ಪ್ಯಾನೆಲ್ಲಿನಿಂದ ಬಿಸಿಲು ನೇರ ಕಣ್ಣಿಗೆ, ಮೇಲೆ ಬೆರಳಚ್ಚು, ಧೂಳು, ಬಟ್ಟೆಯಲ್ಲಿ ಒರೆಸಿದ ಸಣ್ಣ ಸಣ್ಣ ಗೀರು. ಕೈ ಆಡುವ ಜಾಗಕ್ಕೆ ಹೊಳಪು ಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ.

ಒಳಗಿನ ಕೆಲಸ, ಎರಡು ಕಂಬ, ಸ್ಪಾಯ್ಲರ್ ಸೇರಿ 9,000 ಆಯಿತು. ಚೌಕಾಸಿಗೆ ಹೋದೆ, ಬಗ್ಗಲಿಲ್ಲ. ಬೇಕಾದರೆ ಸ್ಪಾಯ್ಲರ್ ಬಿಡಿ, ರೇಟು ಬಿಡಲ್ಲ ಎಂದರು. ಕನ್ನಡಿಗಳಿಗೆ ನಾನು ತಂದ ಕಾರ್ಬನ್ ಟೋಪಿಗಳನ್ನು ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿಕೊಟ್ಟರು. ಕೂರಿಸುವಾಗ ಎಡಗಡೆಯದು ಅಚ್ಚಿನಲ್ಲೇ ಒಂದು ಮಿಲಿಮೀಟರ್ ಸೊಟ್ಟ ಅಂತ ತೋರಿಸಿದರು. ಇಂಡಿಕೇಟರ್ ಹತ್ತಿರ ಒಂದು ಸಂದಿ ಉಳಿಯಿತು.

ಈಗ ಒಂದೂವರೆ ವರ್ಷದ ಲೆಕ್ಕ. ಒಳಗಿನ ಕೆಲಸಕ್ಕೆ ಹತ್ತಕ್ಕೆ ಒಂಬತ್ತು. ಕಿಟಕಿ ಸ್ವಿಚ್ ಪ್ಯಾನೆಲ್ಲಿನಲ್ಲಿ ಹಳೆಯ ಉಂಗುರದ ಗೀರುಗಳು ಕಾಣುವುದಿಲ್ಲ, ಹೊಸ ಗೀರು ಬಿದ್ದರೂ ಉಬ್ಬು ಮೈಯಲ್ಲಿ ಗೊತ್ತಾಗುವುದಿಲ್ಲ. ಒಂದು ಮಾರ್ಕು ಕಡಿಮೆ ಕೊಟ್ಟದ್ದು ಉಬ್ಬಿನ ಸಂದಿಯಲ್ಲಿ ಕೂರುವ ಧೂಳಿಗೆ, ಹಳೆ ಟೂತ್‌ಬ್ರಷ್ ಹಿಡಿದು ಕೂರಬೇಕು. ಕಂಬಗಳಿಗೆ ಎಂಟು. ಸ್ಪಾಯ್ಲರಿಗೆ ಐದು ಕೊಟ್ಟರೂ ಜಾಸ್ತಿ, ಮೇಲ್ಮೈ ಬಿಸಿಲಿಗೆ ಬೂದು ತಿರುಗುತ್ತಿದೆ, ಮಾಡಿದವರ ತಪ್ಪಲ್ಲ, ಮಲಗಿದ ಜಾಗಕ್ಕೆ ಹಾಕಿಸಿದ ನನ್ನ ತಪ್ಪು. ಇನ್ನೊಮ್ಮೆ ಮಾಡಿಸುವುದಾದರೆ ಒಳಗೆ ಇಷ್ಟೂ ಮಾಡಿಸುತ್ತೇನೆ, ಹೊರಗೆ ಕಂಬ ಮತ್ತು ಕನ್ನಡಿಗೆ ನಿಲ್ಲಿಸುತ್ತೇನೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಅಗ್ಗದ ಫಿಲ್ಮಿನಲ್ಲಿ ಎಂಟು ಕಡೆ ಮಾಡಿಸಬೇಡಿ, ಒಳ್ಳೆಯದರಲ್ಲಿ ಗೇರ್ ಪ್ಯಾನೆಲ್ ಒಂದನ್ನೇ ಮಾಡಿಸಿ. ಮತ್ತೆ ಅಂಗಡಿ ಆರಿಸುವಾಗ ಫಿಲ್ಮಿನ ಪುಸ್ತಕ ನೋಡುತ್ತಾ ಕೂರಬೇಡಿ. ಆರು ತಿಂಗಳ ಹಿಂದೆ ಮಾಡಿದ ಯಾವುದಾದರೂ ಕಾರು ತೋರಿಸಿ ಅನ್ನಿ, ಬಾಗಿಲ ಅಂಚಿಗೆ ಉಗುರು ಆಡಿಸಿ ನೋಡಿ.

ನಿಜವಾದ ಕಾರ್ಬನ್ನಿಗೆ ಏನು ಮಾರ್ಕು ಕೊಡಬೇಕೋ ತಿಳಿಯುತ್ತಿಲ್ಲ. ಹೋದ ತಿಂಗಳು ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ ಆಟೋ ಒಂದು ಎಡಗಡೆ ಕನ್ನಡಿಗೆ ಉಜ್ಜಿಕೊಂಡು ಹೋಯಿತು. ಅದು ಅಲ್ಲಿ ದಿನನಿತ್ಯದ ಸಂಗತಿ. ಕಂಪನಿ ಕವರ್ ಆಗಿದ್ದರೆ ಬಗ್ಗಿ ಮತ್ತೆ ನೆಟ್ಟಗಾಗುತ್ತಿತ್ತು. ಕಾರ್ಬನ್ ಟೋಪಿ ಬಗ್ಗುವುದಿಲ್ಲ, ಮೂಲೆಯಲ್ಲಿ ಪಟ್ಟೆಂದು ಸೀಳಿತು, ಕಪ್ಪು ಎಳೆಗಳು ಹಳೆ ಪೊರಕೆಯ ಹಾಗೆ ಹೊರಗೆ ಬಂದವು. ಬರಿಗೈಯಲ್ಲಿ ಮುಟ್ಟಬೇಡಿ, ಸಣ್ಣ ಮುಳ್ಳು ಹೊಕ್ಕರೆ ತೆಗೆಯಲು ಸಾಕುಬೇಕಾಗುತ್ತದೆ, ನನಗೆ ಎರಡು ದಿನ ಬೇಕಾಯಿತು. ಮಾರಿದವರಿಗೆ ಬರೆದು ಎಡಗಡೆಯದು ಒಂದೇ ಕೊಡುತ್ತೀರಾ ಅಂತ ಕೇಳಿದೆ. ಜೋಡಿಯಾದರೆ ಮಾತ್ರವಂತೆ, ಮತ್ತೆ 6,800.

ಮೇಷ್ಟ್ರ ಹತ್ತಿರ ಹೋದೆ. ಒಡೆದ ಟೋಪಿಯನ್ನು ಮೀನು ಹಿಡಿಯುವ ದಾರದಿಂದ ಟೇಪ್ ಕೊಯ್ದು ತೆಗೆದು, ಅಡಿಯ ಕವರಿಗೆ ಉಳಿದಿದ್ದ ಫಿಲ್ಮಿನ ತುಂಡು ಸುತ್ತಿ 400 ರೂಪಾಯಿ ತೆಗೆದುಕೊಂಡರು. ಈಗ ಬಲಗಡೆ ಕಾರ್ಬನ್, ಎಡಗಡೆ ಸ್ಟಿಕ್ಕರ್. ಒಂದು ತಿಂಗಳಲ್ಲಿ ಅಪ್ಪ, ಹೆಂಡತಿ, ಆಫೀಸಿನ ಕಾರು ಹುಚ್ಚರು, ಯಾರೂ ಕಂಡುಹಿಡಿದಿಲ್ಲ. ಭಾನುವಾರ ಭಾವ ಊಟಕ್ಕೆ ಬರುತ್ತಿದ್ದಾರೆ. ಕಾರನ್ನು ಎಡಗಡೆ ಗೋಡೆಗೆ ಒತ್ತಿ ನಿಲ್ಲಿಸಿದ್ದೇನೆ.